ಪಾಸಾದ ಕಟ್ಟನ್ನು ಬಿಚ್ಚುವಂತಿಲ್ಲ

1997ರ ಜುಲೈ ತಿಂಗಳ ಎರಡನೇ ಗುರುವಾರ, ಸಂಜೆ ನಾಲ್ಕು ಗಂಟೆ ಮೂವತ್ತೆರಡು ನಿಮಿಷಕ್ಕೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಬೆಳ್ತಂಗಡಿಯಿಂದ ಬಂದು ಮಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿನ ಕಂಡಕ್ಟರ್ ಕರೀಮನ ಕೈಗೆ ನಾನು ಒಂದು ಕಂದು ಕವರು ಕೊಟ್ಟೆ. ನಾಲ್ಕು ನಲವತ್ತಮೂರಕ್ಕೆ ಅದೇ ಕವರನ್ನು ವಾಪಸ್ ತರಲು ರಿಕ್ಷಾ ಹತ್ತಿದೆ.

ಇಷ್ಟು ವರ್ಷದ ಮೇಲೆ ನಿಮಿಷಗಳು ಹೇಗೆ ನೆನಪಿವೆ ಎಂದು ನೀವು ಕೇಳಬಹುದು. ನೆನಪಿಲ್ಲ, ಬರೆದಿಟ್ಟಿದ್ದೇನೆ. ಆ ಕಾಲದಲ್ಲಿ ನಾನು ಎಲ್ಲವನ್ನೂ ಬರೆದಿಡುತ್ತಿದ್ದೆ. ಮನೆಯಿಂದ ಹೊರಟ ಹೊತ್ತು, ಬಾಗಿಲಿಗೆ ಚಿಲಕ ಹಾಕಿದ ಹೊತ್ತು, ಹಾಕಿದ್ದೇನೋ ಇಲ್ಲವೋ ಎಂದು ನೋಡಲು ವಾಪಸ್ ಹೋದ ಹೊತ್ತು.

ಮೊನ್ನೆ ಮೂಡುಬಿದಿರೆಯಲ್ಲಿ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ ಮೇಜಿನ ಖಾನೆಯಲ್ಲಿ ಆ ದಿನಚರಿ ಸಿಕ್ಕಿತು. ಅದರ ಜೊತೆಗೇ ಒಂದು ಪೆನ್ಸಿಲಿನ ತುಂಡು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಬರೆಯುವ ಪೆನ್ಸಿಲು. ಎರಡೂ ಕಡೆಯಿಂದ ಸವೆದು ಈಗ ಹೆಬ್ಬೆರಳಿನ ಉಗುರಿನಷ್ಟು ಉಳಿದಿದೆ.

"ಇದನ್ನು ಎಂತ ಮಾಡುವುದು? ಬಿಸಾಡುವ ಅಲ್ವಾ?" ಎಂದು ಹೆಂಡತಿ ಸುಮತಿ ಕೇಳಿದಳು.

"ಅದರಲ್ಲಿ ಒಂಬತ್ತು ವರ್ಷ ಉಂಟು," ಎಂದೆ.

"ಹಾಗಾದ್ರೆ ಕಿಸೆಯಲ್ಲಿ ಇಟ್ಟುಕೊಳ್ಳಿ. ಲಾರಿಯಲ್ಲಿ ಜಾಗ ಇಲ್ಲ."

ಕಿಸೆಯಲ್ಲಿ ಇಟ್ಟುಕೊಂಡೆ. ಅದಕ್ಕೇ ಈ ಬರಹ.

ಪತ್ರಿಕೆಯ ವರದಿಗಾರನಾಗುವ ಮೊದಲು ನಾನು ಗುರುವಾಯನಕೆರೆಯ ಒಂದು ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಆಗಿದ್ದೆ. ಹೊರಗಿನವರಿಗೆ ಈ ಉದ್ಯೋಗದ ಪರಿಚಯ ಇರಲಿಕ್ಕಿಲ್ಲ. ಹೆಂಗಸರು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ಒಯ್ದು, ಮನೆಯಲ್ಲಿ ಬೀಡಿ ಸುತ್ತಿ, ಇಪ್ಪತ್ತೈದರ ಕಟ್ಟುಗಳಾಗಿ ಮಾಡಿ ತರುತ್ತಾರೆ. ಚೆಕ್ಕರ್ ಒಂದೊಂದು ಕಟ್ಟನ್ನೂ ಹೆಬ್ಬೆರಳಿನಿಂದ ಒತ್ತುತ್ತಾನೆ. ಸಡಿಲ ಇದ್ದರೆ ಗೊತ್ತಾಗುತ್ತದೆ, ಹೊಗೆಸೊಪ್ಪು ಕಡಿಮೆ ಇದ್ದರೆ ಗೊತ್ತಾಗುತ್ತದೆ, ಎಲೆ ಒಣಗಿದ್ದರೂ ಗೊತ್ತಾಗುತ್ತದೆ. ಆಗದಿದ್ದದ್ದಕ್ಕೆ ಚೀಟಿಯಲ್ಲಿ ಕೆಂಪು ಗೀಟು. ಪಾಸಾದದ್ದಕ್ಕೆ ನೀಲಿ ಗುರುತು. ನೀಲಿ ಗುರುತು ಬಿದ್ದ ಕಟ್ಟುಗಳು ಮರದ ಟ್ರೇಯಲ್ಲಿ ಒಳಕೋಣೆಗೆ ಹೋಗುತ್ತವೆ. ಅಲ್ಲಿಗೆ ಹೋದ ಮೇಲೆ ಯಾವ ಕಾರಣಕ್ಕೂ ಅವನ್ನು ಹೊರಗೆ ತಂದು ಬಿಚ್ಚುವಂತಿಲ್ಲ. ಬಿಚ್ಚಿದರೆ ಯಾವ ಬೀಡಿ ಯಾರದ್ದು ಎಂದು ತಿಳಿಯುವುದಿಲ್ಲ, ದಿನವಿಡೀ ಜಗಳ. ಗೋಡೆಯಲ್ಲಿ ಬರೆದು ಹಾಕದಿದ್ದರೂ ನಮ್ಮ ಬ್ರಾಂಚಿನಲ್ಲಿ ಎಲ್ಲರೂ ಪಾಲಿಸುತ್ತಿದ್ದ ಒಂದೇ ಕಾನೂನು ಅದು.

ಆ ಕೆಲಸ ಬಿಟ್ಟು ಹನ್ನೆರಡು ವರ್ಷವಾಯಿತು. ಹೆಬ್ಬೆರಳಿಗೆ ಇನ್ನೂ ಗೊತ್ತಾಗಿಲ್ಲ. ಮೂಡುಬಿದಿರೆಯ ಮಾರ್ಕೆಟಿನಲ್ಲಿ ಕೊತ್ತಂಬರಿ ಕಟ್ಟು ಕಂಡರೆ ಒತ್ತುತ್ತೇನೆ, ಬಸಳೆ ಕಟ್ಟು ಕಂಡರೆ ಒತ್ತುತ್ತೇನೆ. ಒಮ್ಮೆ ಮದುವೆಮನೆಯಲ್ಲಿ ಮದುಮಗನಿಗೆ ಕೊಡಬೇಕಿದ್ದ ಹೂಗುಚ್ಛವನ್ನು ಒತ್ತಿದೆ. ಸೊಪ್ಪಿನ ಅಂಗಡಿಯ ಹೆಂಗಸು ಸುಮತಿಗೆ ಹೇಳಿದ್ದಳಂತೆ, "ಅಕ್ಕಾ, ನಾಳೆಯಿಂದ ನೀವೊಬ್ರೇ ಬನ್ನಿ. ಇವರು ಬಂದು ಹೋದ್ರೆ ಸೊಪ್ಪಿಗೆ ಜ್ವರ ಬರ್ತದೆ."

ಬೀಡಿ ನನಗೆ ಹುಟ್ಟಿನಿಂದ ಬಂದದ್ದು. ಶಿರ್ತಾಡಿಯಲ್ಲಿ ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಊಟವಾದ ಕೂಡಲೇ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕೂರುತ್ತಿದ್ದಳು. ತಡ್ಪೆ ಎಂದರೆ ನಮ್ಮ ಕಡೆಯ ಮೊರ. ನಮ್ಮ ಊರಿನಲ್ಲಿ ಅಕ್ಕಿ ಕೇರಿದ್ದಕ್ಕಿಂತ ಬೀಡಿ ಕಟ್ಟಿದ ತಡ್ಪೆಗಳೇ ಹೆಚ್ಚು. ಅಮ್ಮ ಸುತ್ತಿ ಹಾಕಿದ ಬೀಡಿಗಳ ಬಾಯಿ ಮುಚ್ಚುವುದು ಮಕ್ಕಳ ಕೆಲಸ. ಹಾಗಾಗಿ ನಮ್ಮ ಬೆರಳುಗಳಿಗೆ, ಪಾಠಪುಸ್ತಕಗಳಿಗೆ, ಬುತ್ತಿಗೆ ಕೂಡ ಒಂದೇ ವಾಸನೆ. ಹೊಸದಾಗಿ ಬಂದ ಮಾಸ್ಟರು ಮೊದಲ ದಿನ ತರಗತಿಗೆ ಕಾಲಿಟ್ಟು, "ಇಲ್ಲಿ ಯಾರು ಬೀಡಿ ಸೇದಿದ್ದು?" ಎಂದು ಬೆತ್ತ ತೆಗೆದರು. ಮೂವತ್ತೆಂಟು ಮಕ್ಕಳೂ ಕೈ ಮೂಸಿ ನೋಡಿಕೊಂಡೆವು.

ವಾರಕ್ಕೊಮ್ಮೆ ಅಮ್ಮನ ಜೊತೆ ಬ್ರಾಂಚಿಗೆ ಹೋಗುತ್ತಿದ್ದೆ. ಅಲ್ಲಿನ ಚೆಕ್ಕರಿಗೆ ಕೈಗಳಿರುವ ಕುರ್ಚಿ ಇತ್ತು. ತಲೆಯ ಮೇಲೆ ಫ್ಯಾನು ಇತ್ತು. ಅವರು ಕೆಂಪು ಗೀಟು ಎಳೆದರೆ ಅಮ್ಮ ಮನೆಗೆ ಬರುವ ದಾರಿಯಲ್ಲಿ ಸ್ವಲ್ಪ ಬೇಗ ನಡೆಯುತ್ತಿದ್ದಳು, ಅಷ್ಟೆ. ಅಮ್ಮನ ಸೇಡು ತೀರಿಸಲು ನಾನು ದೊಡ್ಡವನಾಗಿ ಚೆಕ್ಕರ್ ಆದೆ ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ನನಗೆ ಆ ಫ್ಯಾನು ಬೇಕಿತ್ತು.

ಸಂಶಯವೂ ಹುಟ್ಟಿನಿಂದಲೇ ಬಂದದ್ದು. ಏಳನೇ ತರಗತಿಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದವನು ಕಿಟಕಿಯ ಹತ್ತಿರ ನಿಂತು, "ಮಾಸ್ಟ್ರೇ, ನನ್ನ ಪೇಪರು ಒಮ್ಮೆ ಕೊಡಿ, ಹೆಸರು ಬರೆದಿದ್ದೇನಾ ನೋಡ್ತೇನೆ," ಎಂದಿದ್ದೆ. ಕೊಟ್ಟರು. ಹೆಸರು ಇತ್ತು. ಹತ್ತು ನಿಮಿಷ ಕಳೆದು ಪುನಃ ಹೋದೆ. "ಇದು ಪರೀಕ್ಷೆಯಾ ನಿನ್ನ ಅಜ್ಜಿಮನೆಯಾ? ಹೋಗಿ ಬಂದು ಮಾಡ್ಲಿಕ್ಕೆ?" ಎಂದರು. ಆ ದಿನ ಮನೆಗೆ ಹೋಗುವ ದಾರಿಯಿಡೀ ಕಾಡಿದ್ದು ಹೆಸರಿನ ಚಿಂತೆಯಲ್ಲ, ನೋಂದಣಿ ಸಂಖ್ಯೆಯದ್ದು.

ಆದರೆ ಬೀಡಿ ಬ್ರಾಂಚಿನ ಒಂಬತ್ತು ವರ್ಷ ನನಗೆ ಒಮ್ಮೆಯೂ ಸಂಶಯ ಬರಲಿಲ್ಲ. ಅಲ್ಲಿ ಪರೀಕ್ಷೆ ಬರೆಯುವವರು ಬೇರೆಯವರು, ತಿದ್ದುವವನು ನಾನು. ಆ ಕುರ್ಚಿಯಲ್ಲಿ ಕೂತರೆ ಜಗತ್ತಿನ ತಪ್ಪುಗಳೆಲ್ಲ ಮೇಜಿನ ಆಚೆ ಬದಿಯಲ್ಲೇ ಇರುತ್ತಿದ್ದವು. ಪೆನ್ಸಿಲಿನ ಕೆಂಪು ತುದಿ ಬುಡದವರೆಗೆ ಸವೆದಿತ್ತು, ನೀಲಿ ತುದಿ ಹೊಸದರಂತೆ ಇತ್ತು. ನಾನು ಎಂಥ ಚೆಕ್ಕರ್ ಆಗಿದ್ದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಲ್ಲಿಗೆ ಬರುತ್ತಿದ್ದವರಲ್ಲಿ ನನಗೆ ಎದುರು ಮಾತಾಡುತ್ತಿದ್ದದ್ದು ಐಸಮ್ಮ ಒಬ್ಬರೇ. ಕಂಡಕ್ಟರ್ ಕರೀಮನ ತಾಯಿ, ಅವನ ಬಾಯಲ್ಲಿ 'ಉಮ್ಮ'. ಅವರ ಬೀಡಿ ಕಲ್ಲಿನಂತೆ ಗಟ್ಟಿ, ಮಾತೂ ಹಾಗೆಯೇ. "ಚೆಕ್ಕರೇ, ನಿಮ್ಮ ಬೆರಳಿಗೆ ಕಣ್ಣುಂಟು, ಸರಿ. ಕಣ್ಣಿಗೆ ಸ್ವಲ್ಪ ಕರುಣೆ ಇಟ್ಟುಕೊಳ್ಳಿ," ಎನ್ನುತ್ತಿದ್ದರು.

ಹೀಗಿದ್ದವನು ಬಿಡುವಿನಲ್ಲಿ ಪತ್ರಿಕೆಗೆ ವಾಚಕರ ಪತ್ರ ಬರೆಯುತ್ತಿದ್ದೆ. ರಸ್ತೆಯ ಹೊಂಡ, ಬಾರದ ಬಸ್ಸು, ಸೋರುವ ಶಾಲೆ. ಎಲ್ಲವೂ ಬೇರೆಯವರ ತಪ್ಪುಗಳೇ ಎಂಬುದನ್ನು ಗಮನಿಸಿ. ಒಂದು ದಿನ ಮಂಗಳೂರಿನ ಕಚೇರಿಯಿಂದ ಕಾಗದ ಬಂತು. ಬಿ.ಸಿ.ರೋಡಿಗೆ ವರದಿಗಾರರು ಬೇಕಾಗಿದ್ದಾರೆ, ಬಂದು ಕಾಣಿ. ಕಂಡೆ. ಡೆಸ್ಕಿನ ಹಿರಿಯರಾದ ರಾಯರು ಎರಡು ಪ್ರಶ್ನೆ ಕೇಳಿ, "ಏಪ್ರಿಲ್ ಒಂದರಿಂದ ಸುದ್ದಿ ಕಳಿಸಿ," ಎಂದರು. ನನಗೆ ಆಗ ಮೂವತ್ತನಾಲ್ಕು ವರ್ಷ.

ಬ್ರಾಂಚಿನ ಮಾಲೀಕ ಶೀನಣ್ಣ ಒಳ್ಳೆಯ ಮನುಷ್ಯ. ನಾನು ವಿಷಯ ಹೇಳಿದಾಗ ಕುರ್ಚಿಯ ಬೆನ್ನು ತಟ್ಟಿ, "ಹೋಗಿ ಬನ್ನಿ. ದೀಪಾವಳಿಯವರೆಗೆ ಈ ಕುರ್ಚಿ ಹಾಗೇ ಇಡ್ತೇನೆ. ಅಲ್ಲಿ ಆಗದಿದ್ರೆ ಬನ್ನಿ, ನಾಚಿಕೆ ಮಾಡ್ಬೇಡಿ," ಎಂದರು.

ನಾನು ಇದನ್ನು ಸಂತೋಷದಿಂದ ಸುಮತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, "ಅವರು ಹಾಗೆ ಹೇಳದಿದ್ರೇ ಒಳ್ಳೆದಿತ್ತು," ಎಂದಳು.

ಇಲ್ಲಿ ಆ ಕಾಲದ ನಮ್ಮ ಕೆಲಸದ ಕ್ರಮ ಹೇಳಬೇಕು. ಬಿ.ಸಿ.ರೋಡಿನಲ್ಲಿ ಬರೆದ ಸುದ್ದಿ ಮಂಗಳೂರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ನ್ಯೂಸ್‌ಪ್ರಿಂಟಿನ ಅರ್ಧ ಹಾಳೆಗಳಲ್ಲಿ ಬರೆದು, ಕಂದು ಕವರಿಗೆ ಹಾಕಿ, ಮೇಲೆ ಪತ್ರಿಕೆಯ ಹೆಸರು ಬರೆದು ಕಂಡಕ್ಟರ್ ಕೈಗೆ ಕೊಡುವುದು. ಅವನು ಅದನ್ನು ಡ್ರೈವರನ ಎದುರಿನ ಗಾಜಿಗೆ ಒರಗಿಸಿ ಇಡುತ್ತಾನೆ. ಮಂಗಳೂರಿನ ನಿಲ್ದಾಣದಲ್ಲಿ ಒಂದೊಂದು ಪತ್ರಿಕೆಗೂ ಒಂದೊಂದು ತಗಡಿನ ಡಬ್ಬಿ. ಅದಕ್ಕೆ ಹಾಕುತ್ತಾನೆ. ಕಚೇರಿಯವರು ಬಂದು ಒಯ್ಯುತ್ತಾರೆ. ಇಷ್ಟಕ್ಕೆ ಅವನಿಗೆ ಸಿಗುತ್ತಿದ್ದದ್ದು ಬೆಳಿಗ್ಗೆ ಒಂದು ಪೇಪರು. ಇಡೀ ಜಿಲ್ಲೆಯ ಸುದ್ದಿ ಹೀಗೆ ಗಾಜಿಗೆ ಒರಗಿಕೊಂಡು, ದೇವರ ಫೋಟೋ ಮತ್ತು ಊದುಬತ್ತಿಯ ಪಕ್ಕದಲ್ಲಿ ಪ್ರಯಾಣ ಮಾಡುತ್ತಿತ್ತು.

ನನ್ನ ತೊಂದರೆ ಶುರುವಾಗುತ್ತಿದ್ದದ್ದು ಬಸ್ಸು ಹೊರಟ ಮೇಲೆ. ಬರೆಯುವಾಗ ಎಲ್ಲ ಸರಿ ಇರುತ್ತಿತ್ತು. ಬಸ್ಸು ತಿರುವಿನಲ್ಲಿ ಮರೆಯಾದ ಕೂಡಲೇ ಪ್ರಶ್ನೆಗಳು ಶುರು. ಸ್ವಾಗತಿಸಿದವರನ್ನು ವಂದಿಸಿದರು ಎಂದು ಬರೆದೆನೇ? ಅಧ್ಯಕ್ಷರ ಹೆಸರಿನಲ್ಲಿ ಇನಿಶಿಯಲ್ ತಪ್ಪಿತೇ? ನಮ್ಮ ಜಿಲ್ಲೆಯಲ್ಲಿ ಸಭೆಯ ವರದಿ ಎಂದರೆ ಹೆಸರುಗಳ ಮೆರವಣಿಗೆ. ಭಾಷಣದಲ್ಲಿ ಏನು ಹೇಳಿದರು ಎಂಬುದು ತಪ್ಪಾದರೆ ಯಾರೂ ಕೇಳುವುದಿಲ್ಲ, ಭಾಷಣ ಮಾಡಿದವರೂ ಕೇಳುವುದಿಲ್ಲ. ಹೆಸರು ಬಿಟ್ಟರೆ ಮನೆಗೆ ಬರುತ್ತಾರೆ.

ಹಾಗಾಗಿ ರಿಕ್ಷಾ ಹತ್ತುತ್ತಿದ್ದೆ. ಬಸ್ಸು ಸಮಯ ಹೊಂದಿಸಲು ಫರಂಗಿಪೇಟೆಯಲ್ಲಿ ಐದು ನಿಮಿಷ ನಿಲ್ಲುತ್ತಿತ್ತು. ಅಲ್ಲಿ ಹಿಡಿದು, ಕವರು ಇಳಿಸಿ, ತೆರೆದು, ಓದಿ, ಮುಚ್ಚಿ, ಮುಂದಿನ ಬಸ್ಸಿಗೆ ಕೊಡುತ್ತಿದ್ದೆ. ದಿನಚರಿಯ ಪ್ರಕಾರ ಏಪ್ರಿಲಿನಿಂದ ಜುಲೈ ಆರಂಭದವರೆಗೆ ಹೀಗೆ ಏಳು ಸಲ. ಆರು ಸಲ ತಪ್ಪು ಇರಲಿಲ್ಲ. ಏಳನೆಯ ಸಲ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅದನ್ನು ಹಾಕಿ ಬಹಳ ಸಮಾಧಾನಪಟ್ಟೆ ಎಂದು ಬರೆದುಕೊಂಡಿದ್ದೇನೆ.

ಆದರೆ ಮುಂದಿನ ಬಸ್ಸು ತಲುಪುವಾಗ ಪುಟ ಮುಗಿದಿರುತ್ತಿತ್ತು. ಜುಲೈ ಮೊದಲ ವಾರ ರಾಯರು ಫೋನು ಮಾಡಿಸಿದರು. ನಿಲ್ದಾಣದ ಎಸ್‌ಟಿಡಿ ಬೂತಿನಲ್ಲಿ ನಿಂತು ಕೇಳಿದೆ.

"ನಿಮ್ಮ ಬರವಣಿಗೆ ಚೆನ್ನಾಗಿ ಉಂಟು. ಆದ್ರೆ ಅದು ನಾಳೆ ಬರ್ತದೆ. ನಮ್ಮದು ವಾರಪತ್ರಿಕೆ ಅಲ್ಲ ಮಾರಾಯ್ರೇ. ನಾಲ್ಕೂವರೆ ಬಸ್ಸಿಗೆ ಕವರು ಬರ್ಬೇಕು. ಇನ್ನೊಂದು ಸಲ ತಪ್ಪಿದ್ರೆ ನಾವು ಬೇರೆಯವರನ್ನು ನೋಡ್ಬೇಕಾಗ್ತದೆ. ನನಗೆ ಬೇಜಾರುಂಟು, ಆದ್ರೂ ಹೇಳ್ತೇನೆ."

ನಾನು ಬೂತಿನಿಂದ ಹೊರಗೆ ಬಂದು ನೆನೆಸಿಕೊಂಡದ್ದು ಆ ಕುರ್ಚಿಯನ್ನು. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿಗೆ ಹತ್ತಿರ ಇತ್ತು.

ಇನ್ನು ಆ ಗುರುವಾರಕ್ಕೆ ಬರುತ್ತೇನೆ. ಬಂಟ್ವಾಳದ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಸಭಾಂಗಣ ಉದ್ಘಾಟನೆಯಾಗಿತ್ತು. ದಿವಂಗತ ದೂಮಪ್ಪ ಪೂಜಾರಿಯವರ ಸ್ಮರಣಾರ್ಥ ಅವರ ಮಗ ಜಗನ್ನಾಥ ಪೂಜಾರಿ ಕಟ್ಟಿಸಿಕೊಟ್ಟದ್ದು. ಜಗನ್ನಾಥ ಪೂಜಾರಿಯವರು ನನಗೆ ಖುದ್ದು ವಡೆ ಬಡಿಸಿ, ಎರಡೂ ಕೈ ಹಿಡಿದು, "ನಾಳೆ ಬರ್ತದಲ್ಲಾ?" ಎಂದು ಕೇಳಿದ್ದರು. ಬಹಳ ಜೀವಂತವಾದ ಕೈಗಳು.

ಕವರು ಕೊಟ್ಟು, ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಾ ಲೋಟ ಎತ್ತಿದಾಗ ಅನುಮಾನ ಬಂತು. 'ದಿವಂಗತ' ಎಂಬ ಪದವನ್ನು ನಾನು ಯಾರ ಹೆಸರಿನ ಹಿಂದೆ ಹಾಕಿದೆ? ತಂದೆಯದ್ದೋ, ಮಗನದ್ದೋ? ಕಣ್ಣು ಮುಚ್ಚಿದರೆ ಹಾಳೆಯ ಮೇಲೆ 'ದಿವಂಗತ ಜಗನ್ನಾಥ ಪೂಜಾರಿ' ಎಂದು ನನ್ನದೇ ಅಕ್ಷರದಲ್ಲಿ ಕಾಣಿಸಿತು. ಚಾ ಅಲ್ಲೇ ಬಿಟ್ಟೆ.

ಇದ್ದ ಲೆಕ್ಕ ಸರಳ. ಕವರು ವಾಪಸ್ ತಂದರೆ ತಡವಾಗಿ ಕೆಲಸ ಹೋಗುತ್ತದೆ. ತರದಿದ್ದರೆ ಬದುಕಿರುವ ದಾನಿಯನ್ನು ಕೊಂದು ಕೆಲಸ ಹೋಗುತ್ತದೆ.

ರಿಕ್ಷಾದ ಲ್ಯಾನ್ಸಿಗೆ ಎಲ್ಲಿಗೆ ಎಂದು ಹೇಳಬೇಕಾಗಿರಲಿಲ್ಲ. "ಎಂತ, ಪುನಃ ಕವರಾ? ನಿಮಗೆ ಒಂದು ಪಾಸು ಮಾಡಿಸಿ ಕೊಡ್ಲಿಕ್ಕುಂಟು ನಾನು," ಎಂದು ಕಿಕ್ಕರ್ ಎಳೆದ.

ಫರಂಗಿಪೇಟೆಯಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಹತ್ತಿರ ಓಡಿದೆ. ಬಾಯಲ್ಲಿ ಸೀಟಿ ಇಟ್ಟುಕೊಂಡಿದ್ದ ಕರೀಂ ನನ್ನನ್ನು ನೋಡಿ ಹಣೆ ಚಚ್ಚಿಕೊಂಡು, ಗಾಜಿನ ಹತ್ತಿರದಿಂದ ಕವರು ಎಳೆದು ಕೊಟ್ಟ. "ತೆಗೊಳ್ಳಿ, ನಿಮ್ಮ ಜೀವ ತೆಗೊಳ್ಳಿ. ರೈಟ್, ರೈಟ್!"

ಬಸ್ಸು ಹೋಯಿತು. ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ಕವರು ಹರಿದೆ. ಒಳಗೆ ಅದೇ ಸಭಾಂಗಣದ ಸುದ್ದಿ. 'ದಿವಂಗತ' ದೂಮಪ್ಪ ಪೂಜಾರಿಯವರ ಹೆಸರಿನ ಹಿಂದೆಯೇ ಇತ್ತು. ಒಂದು ದೊಡ್ಡ ಉಸಿರು ಬಿಟ್ಟೆ. ಬಿಟ್ಟ ಮೇಲೆ ಅಕ್ಷರ ನೋಡಿದೆ. ದುಂಡು ದುಂಡಾದ ಅಕ್ಷರ. ನನ್ನ ಅಕ್ಷರ ದುಂಡಗಿಲ್ಲ.

ಅದು ಸಂಜೀವನ ಕವರು. ಸಂಜೀವ ಎಂದರೆ ಬೇರೊಂದು ಪತ್ರಿಕೆಯ ಬಿ.ಸಿ.ರೋಡ್ ವರದಿಗಾರ, ನನ್ನ ಪ್ರತಿಸ್ಪರ್ಧಿ, ದಿನಾ ಒಟ್ಟಿಗೆ ಚಾ ಕುಡಿಯುವವ. ಅದೇ ಸಭೆಗೆ ಬಂದು, ಅದೇ ವಡೆ ತಿಂದು, ಅದೇ ಬಸ್ಸಿಗೆ ಕವರು ಕೊಟ್ಟಿದ್ದ. ಅವನ ಪತ್ರಿಕೆಯ ಹೆಸರು ಮೇಲೆ ದಪ್ಪಕ್ಷರದಲ್ಲಿ ಇತ್ತು. ಕವರಿನ ಹೊರಗೆ ಏನು ಬರೆದಿದೆ ಎಂದು ಓದದೆ ಒಳಗಿನ ತಪ್ಪು ಹುಡುಕಲು ಹೋದವನು ನಾನು.

ಈಗ ಪರಿಸ್ಥಿತಿ ಹೀಗಿತ್ತು. ನನ್ನ ಕವರು, ತಪ್ಪೋ ಸರಿಯೋ, ಮಂಗಳೂರಿನ ಕಡೆ ಓಡುತ್ತಿತ್ತು. ಯಾವ ತಪ್ಪೂ ಮಾಡದ ಸಂಜೀವನ ಕವರು ಹರಿದು ನನ್ನ ಕೈಯಲ್ಲಿತ್ತು. ನನ್ನ ಕೆಲಸದ ಜೊತೆ ಅವನದ್ದನ್ನೂ ತೂಗುಹಾಕಿದ್ದೆ.

ರಾಯರಿಗೆ ಫೋನು ಮಾಡಿ, "ಆ ಪದ ಒಮ್ಮೆ ನೋಡಿ," ಎಂದರೆ ಮುಗಿಯುತ್ತಿತ್ತು ಎಂದು ನೀವು ಹೇಳುತ್ತೀರಿ. ನನಗೂ ಹೊಳೆದಿತ್ತು. ಬೂತಿಗೆ ಹೋಗಿ ನಂಬರು ತಿರುಗಿಸಿದೆ. ಆ ಕಡೆ ರಿಂಗಾಯಿತು. ರಾಯರ "ಹಲೋ" ಕೇಳಿದ್ದೇ ಇಟ್ಟುಬಿಟ್ಟೆ. ನಾನು ಬರೆದದ್ದು ನನಗೇ ನೆನಪಿಲ್ಲ ಎಂದು ಹೇಳುವ ಧೈರ್ಯ ಇರಲಿಲ್ಲ. ಹೋಟೆಲಿನವರಲ್ಲಿ ಎರಡು ಅಗುಳು ಅನ್ನ ಕೇಳಿ ತೆಗೆದುಕೊಂಡು, ಅದರಿಂದ ಸಂಜೀವನ ಕವರು ಅಂಟಿಸಿ, ಮುಂದಿನ ಬಸ್ಸಿನಲ್ಲಿ ನಿಂತುಕೊಂಡು ಮಂಗಳೂರಿಗೆ ಹೋದೆ. ಅವನ ಪತ್ರಿಕೆಯ ಡಬ್ಬಿಗೆ ಕವರು ಹಾಕಿದ್ದು ಐದು ಐವತ್ತೈದಕ್ಕೆ. ಕೊನೆಯ ಸಲ ತೆರೆಯುವುದು ಐದೂಮುಕ್ಕಾಲಿಗೆ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು.

ನಮ್ಮ ಕಚೇರಿ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಅರ್ಧ ದಾರಿಯವರೆಗೆ ಹೋಗಿ ವಾಪಸ್ ಬಂದೆ.

ಹಿಂದಿರುಗುವ ಬಸ್ಸೂ ಕರೀಮನದ್ದೇ. ಮುಂದಿನ ಸೀಟಿನಲ್ಲಿ ಐಸಮ್ಮ ಕೂತಿದ್ದರು. ಬೆಳಿಗ್ಗೆ ಮಗನ ಬಸ್ಸಿನಲ್ಲೇ ಮಂಗಳೂರಿಗೆ ಬಂದು ಹೊಸ ಕನ್ನಡಕ ಮಾಡಿಸಿಕೊಂಡು ಹೋಗುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಕೂತೆ. ಅವರು ತಿರುಗಿ ನೋಡಿದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಲ್ಲಾ, ಚೆಕ್ಕರಾ? ಈಗ ನಿಮ್ಮ ಮುಖ ಸರೀ ಕಾಣ್ತದೆ. ಮೊದಲು ಕಾಣದೇ ಇದ್ದದ್ದೇ ಒಳ್ಳೆದಿತ್ತು."

ಟಿಕೆಟ್ ಹರಿಯುತ್ತಾ ಬಂದ ಕರೀಂ ತಾಯಿಗೆ ಎಲ್ಲವನ್ನೂ ಹೇಳಿದ. ಫರಂಗಿಪೇಟೆ, ಕವರು, ಇದು ಎಂಟನೇ ಸಲ ಎಂಬುದು. ಅದು ಸಂಜೀವನ ಕವರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದನ್ನು ನಾನು ಸೇರಿಸಿದೆ. ಅವನು ಸೀಟಿ ಊದುವುದನ್ನೇ ಮರೆತು, "ನಾನು ಒಂದರ ಮೇಲೆ ಒಂದು ಇಟ್ಟಿದ್ದೆ ಮಾರಾಯ್ರೇ," ಎಂದ.

ಐಸಮ್ಮ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ಆಮೇಲೆ ಕೇಳಿದರು, "ನೀವು ಪಾಸಾದ ಕಟ್ಟು ಬಿಚ್ಚಲಿಕ್ಕೆ ಯಾವಾಗ ಶುರು ಮಾಡಿದ್ದು?"

"ಇದು ಬೀಡಿ ಅಲ್ಲ ಐಸಮ್ಮ."

"ಅದು ಗೊತ್ತುಂಟು. ಬೀಡಿಯಾದ್ರೆ ಸೇದ್ಲಿಕ್ಕಾದ್ರೂ ಆಗ್ತದೆ." ಹಿಂದಿನ ಸೀಟಿನವರು ನಕ್ಕರು. ಐಸಮ್ಮ ನಗಲಿಲ್ಲ. "ಒಂದು ದಿನ ನಾನು ಓಡಿಕೊಂಡು ಬಂದದ್ದು ನೆನಪುಂಟಾ? ಮಗಳು ಹಳೆ ಎಲೆ ಸೇರಿಸಿದ್ದಾಳೆ ಅಂತ ನನಗೆ ಮನೆಗೆ ಹೋದ ಮೇಲೆ ಸಂಶಯ ಬಂತು. ಎರಡು ಮೈಲು ಓಡಿ ಬಂದೆ. 'ಚೆಕ್ಕರೇ, ಆ ಟ್ರೇ ಹೊರಗೆ ತನ್ನಿ, ಕಟ್ಟು ಬಿಚ್ಚಿ' ಅಂತ ಕೈ ಮುಗಿದೆ. ನೀವು ಎಂತ ಹೇಳಿದ್ದು?"

ನನಗೆ ನೆನಪಿರಲಿಲ್ಲ. ಅವರಿಗೆ ಅಕ್ಷರ ಅಕ್ಷರ ನೆನಪಿತ್ತು.

"'ಕಟ್ಟುವಾಗ ನೀವು ನೋಡಿದ್ದೀರಿ. ಒತ್ತಿ ನಾನು ನೋಡಿದ್ದೇನೆ. ಇನ್ನು ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಮನೆಗೆ ಹೋಗಿ ಊಟ ಮಾಡಿ.' ಹಾಗೆ ಹೇಳಿದ್ದು ಯಾರು? ನಿಮ್ಮ ಅಪ್ಪನಾ?"

"ನಾನೇ ಇರ್ಬೇಕು."

"ನಾನು ಬೈದುಕೊಂಡೇ ಹೋದೆ. ಹೋಗಿ ಊಟ ಮಾಡಿದೆ. ನಿದ್ದೆಯೂ ಬಂತು." ಮಡಿಲಿನ ಚೀಲದಿಂದ ಕಾಗದದಲ್ಲಿ ಸುತ್ತಿದ ಎರಡು ಬನ್ಸ್ ತೆಗೆದು ಹಿಂದಕ್ಕೆ ಚಾಚಿದರು. "ನೀವು ಮಧ್ಯಾಹ್ನದಿಂದ ಎಂತ ತಿಂದಿದ್ದೀರಿ?"

"ಒಂದು ವಡೆ."

"ತಿನ್ನಿ. ಒತ್ತಿ ನೋಡ್ಬೇಡಿ, ತಿನ್ನಿ."

ತುಂಬೆ ದಾಟುವಾಗ ಎರಡೂ ಬನ್ಸ್ ಮುಗಿದಿದ್ದವು. ಒಂಬತ್ತು ವರ್ಷ ಬೇರೆಯವರಿಗೆ ಅನ್ವಯಿಸಿದ ಕಾನೂನು ನನಗೂ ಅನ್ವಯಿಸುತ್ತದೆ ಎಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ನನ್ನ ಪಾಲಿಗೆ ನಾನು ಕೆಂಪು ತುದಿಯನ್ನೇ ಇಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಬಂದ ಪೇಪರಿನ ಬಂಡಲು ಬಿಚ್ಚುವಾಗ ನಾನು ಅಲ್ಲೇ ಇದ್ದೆ. ನಾಲ್ಕನೇ ಪುಟ, ಎರಡನೇ ಕಾಲಂ. ದಿವಂಗತರು ದಿವಂಗತರಾಗಿದ್ದರು, ಬದುಕಿದವರು ಬದುಕಿದ್ದರು. ಮೂರು ಸಲ ಓದಿದೆ. ಒಂಬತ್ತು ಗಂಟೆಗೆ ನಿಲ್ದಾಣದಲ್ಲಿ ಒಬ್ಬರು ಮಾಸ್ಟರು ಪೇಪರು ಹಿಡಿದುಕೊಂಡು ನನ್ನ ಎದುರು ನಿಂತರು. ಆ ಸಭೆಯಲ್ಲಿ ವಂದನಾರ್ಪಣೆ ಮಾಡಿದವರು.

"ಇಡೀ ಊರಿಗೆ ಥ್ಯಾಂಕ್ಸ್ ಹೇಳಿದ್ದು ನಾನು. ಶಾಮಿಯಾನದವನಿಗೂ ಹೇಳಿದ್ದೇನೆ. ನನಗೆ ಒಂದು ಸಾಲು ಇಲ್ವಾ?"

ಇರಲಿಲ್ಲ. ಹುಡುಕಿದ ತಪ್ಪು ಇಲ್ಲದ ಹಾಳೆಯಲ್ಲಿ, ಹುಡುಕದೇ ಇದ್ದ ತಪ್ಪು ಇತ್ತು. ನನ್ನ ಕಾಲಕೆಳಗಿನ ಡಾಮರು ಬಾಯಿ ಬಿಡುತ್ತದೆ ಎಂದುಕೊಂಡೆ. ಬಿಡಲಿಲ್ಲ. "ತಪ್ಪಾಯ್ತು ಮಾಸ್ಟ್ರೇ, 'ನಿನ್ನೆಯ ವರದಿಯಲ್ಲಿ' ಅಂತ ನಾಳೆ ಹಾಕ್ತೇವೆ," ಎಂದೆ. ಅವರು ಕಿಸೆಯಿಂದ ಪೆನ್ನು ತೆಗೆದು, "ಹೆಸರು ಸರಿ ಬರ್ಕೊಳ್ಳಿ," ಎಂದು ತಾವೇ ಬರೆದು ಕೊಟ್ಟರು. ಚಾ ಕುಡಿದೆವು. ಮರುದಿನ ಎರಡು ಸಾಲು ಬಂತು. ಅವರು ನನ್ನನ್ನು ತಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರು.

ರಾಯರು ಫೋನಿನಲ್ಲಿ, "ನಿನ್ನೆಯದ್ದು ಸಮಯಕ್ಕೆ ಬಂತು, ಹಾಗೇ ಇರ್ಲಿ," ಎಂದಷ್ಟೇ ಹೇಳಿದರು. ನನ್ನ ಕವರು ಸಮಯಕ್ಕೆ ತಲುಪಿದ್ದು ನಾನು ಅದನ್ನು ಹಿಡಿಯಲು ವಿಫಲನಾದ್ದರಿಂದ ಎಂಬುದನ್ನು ನಾನು ಹೇಳಲಿಲ್ಲ.

ಸಂಜೀವನಿಗೆ ಹೇಳಲೇಬೇಕಿತ್ತು. ಅವನ ಪತ್ರಿಕೆಯಲ್ಲಿ ಆ ಸುದ್ದಿ ಬಂದಿರಲಿಲ್ಲ. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಒಂದೂ ಬಿಡದೆ ಹೇಳಿದೆ. ಅನ್ನದ ಅಗುಳನ್ನೂ ಸೇರಿಸಿ. ಅವನು ಬಹಳ ಗಂಭೀರವಾಗಿ ಕೇಳಿದ.

"ಅಂದ್ರೆ ನೀವು ನನ್ನ ರಿಪೋರ್ಟ್ ಪೂರ್ತಿ ಓದಿದ್ರಿ."

"ಓದಿದೆ."

"ಹೇಗಿತ್ತು?"

"ಚೆನ್ನಾಗಿತ್ತು."

"ಮತ್ತೆಂತ? ಒಬ್ಬ ಓದಿಯಾಯ್ತಲ್ಲ." ಚಾ ಸಾಸರಿಗೆ ಹೊಯ್ದುಕೊಂಡ. "ನಾಳೆ ಬರ್ತದೆ ಬಿಡಿ. ಒಂದು ದಿನ ತಡ ಆದ್ರೆ ಉದ್ಘಾಟನೆ ಆದ ಕಟ್ಟಡ ಬೀಳ್ತದಾ?" ಆಮೇಲೆ ತಗ್ಗಿದ ದನಿಯಲ್ಲಿ, "ಒಂದು ವಿಷಯ ಉಂಟು. ನನ್ನದರಲ್ಲೂ ಆ ಮಾಸ್ಟ್ರ ಹೆಸರು ಇರ್ಲಿಲ್ಲ, ನೋಡಿದ್ರಾ? ಅವರು ಮೈಕ್ ಹಿಡಿಯುವಾಗ ನಾವಿಬ್ರೂ ವಡೆಯ ಹತ್ರ ಇದ್ದೆವು," ಎಂದ. ಅವನ ಸುದ್ದಿ ಮರುದಿನ ಬಂತು, ಮಾಸ್ಟರ ಹೆಸರಿನ ಸಮೇತ.

ಅಲ್ಲಿಂದ ನಾನು ಹೊಸ ಕ್ರಮ ಮಾಡಿಕೊಂಡೆ. ಬರೆದದ್ದನ್ನು ಒಮ್ಮೆ ಓದುವುದು, ಹೆಸರುಗಳನ್ನು ಬೆರಳಿಟ್ಟು ಇನ್ನೊಮ್ಮೆ ಓದುವುದು, ಕವರು ಮುಚ್ಚುವುದು, ಮೂಲೆಯಲ್ಲಿ ಆ ಹಳೆಯ ಪೆನ್ಸಿಲಿನ ನೀಲಿ ತುದಿಯಿಂದ ಒಂದು ಗುರುತು ಹಾಕುವುದು. ಗುರುತು ಬಿದ್ದ ಮೇಲೆ ಅದು ನನ್ನದಲ್ಲ. ಸಂಶಯ ಹೋಯಿತು ಎಂದು ಹೇಳಿದರೆ ಸುಳ್ಳು ವರದಿಯಾಗುತ್ತದೆ. ಆಗಸ್ಟಿನಲ್ಲಿ ಒಮ್ಮೆ ಪುನಃ ಲ್ಯಾನ್ಸಿಯ ರಿಕ್ಷಾ ಹತ್ತಿದೆ. ಕೈಕಂಬದವರೆಗೆ ಹೋಗಿ, "ನಿಲ್ಸಿ," ಎಂದು ಇಳಿದು, ನಡೆದುಕೊಂಡು ವಾಪಸ್ ಬಂದೆ. ಲ್ಯಾನ್ಸಿ ಪಕ್ಕದಲ್ಲೇ ರಿಕ್ಷಾ ನಿಧಾನ ಓಡಿಸಿಕೊಂಡು ಬಂದು, "ಆರಾಮ ಉಂಟಲ್ಲ ನೀವು?" ಎಂದು ಎರಡು ಸಲ ಕೇಳಿದ. ಅದು ಕೊನೆ.

ದೀಪಾವಳಿಯ ಹಿಂದಿನ ವಾರ ಗುರುವಾಯನಕೆರೆಗೆ ಹೋದೆ. ಶೀನಣ್ಣ ಅಷ್ಟು ಔದಾರ್ಯದಿಂದ ನನಗಾಗಿ ಕಾದಿಟ್ಟ ಕುರ್ಚಿಯನ್ನು ನಾನೇ ಮುಖತಃ ಬಿಟ್ಟುಕೊಡಬೇಕು, ಅದು ಮರ್ಯಾದೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಎರಡು ವಾಕ್ಯ ತಯಾರು ಮಾಡಿಕೊಂಡಿದ್ದೆ. ಬ್ರಾಂಚಿನ ಒಳಗೆ ಹೋದರೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಬೀಡಿ ಒತ್ತುತ್ತಿದ್ದರು. ಒತ್ತುವ ಕ್ರಮ ನೋಡಿದರೆ ಹೊಸಬರಲ್ಲ.

"ಇವರು ಬಂದು ಎಷ್ಟು ಸಮಯವಾಯ್ತು?" ಎಂದು ಶೀನಣ್ಣನನ್ನು ಕೇಳಿದೆ.

"ನೀವು ಕೆಲಸ ಬಿಟ್ಟ ವಾರವೇ," ಎಂದರು ಶೀನಣ್ಣ. ಆಮೇಲೆ ನನ್ನ ಮುಖ ನೋಡಿ, "ಅಲ್ಲ ಮಾರಾಯ್ರೇ, ಏಳು ತಿಂಗಳು ಚೆಕ್ಕರ್ ಇಲ್ಲದೆ ಬ್ರಾಂಚು ನಡೀತದಾ? ಹೊರಡುವವರಿಗೆ ಒಂದು ಧೈರ್ಯಕ್ಕೆ ಹೇಳುವುದಪ್ಪ," ಎಂದರು.

ನಾಲ್ಕು ತಿಂಗಳು ಹೆದರಿದಾಗಲೆಲ್ಲ ನಾನು ಮನಸ್ಸಿನಲ್ಲಿ ಹೋಗಿ ಕೂತು ಬರುತ್ತಿದ್ದ ಕುರ್ಚಿಯಲ್ಲಿ ಆ ಹೊತ್ತಿಗೆಲ್ಲ ಬೇರೆಯವರು ಕೂತಿದ್ದರು. ಮನೆಗೆ ಬಂದು ಹೇಳಿದೆ. ಸುಮತಿ ನಗುತ್ತಾ ಕೂತವಳು ಏಳಲೇ ಇಲ್ಲ. ಆ ದಿನ ಅನ್ನ ನಾನು ಬಸಿದೆ.

ಆಮೇಲೆ ಫ್ಯಾಕ್ಸ್ ಬಂತು. ಆಮೇಲೆ ಕಂಪ್ಯೂಟರ್ ಬಂತು. 2003ರಲ್ಲಿ ನಮ್ಮನ್ನೆಲ್ಲ ಮಂಗಳೂರಿಗೆ ಕರೆಸಿ ಟೈಪಿಂಗ್ ಕಲಿಸಿದರು. ನಲವತ್ತು ವರ್ಷದ ಬೆರಳುಗಳು ಕೀಲಿಗಳನ್ನು ಒತ್ತುವುದಕ್ಕಿಂತ ಪರೀಕ್ಷಿಸುವುದೇ ಹೆಚ್ಚಾಯಿತು. ಮೂರನೇ ದಿನ ನಾನು ಹೊರಗೆ ಬಂದು ಮೆಟ್ಟಿಲಲ್ಲಿ ಕೂತಿದ್ದಾಗ ಸಂಜೀವ ಮೊಬೈಲಿಗೆ ಫೋನು ಮಾಡಿದ. "ಮೇಲ್ ಕಳಿಸಿದ ಮೇಲೆ ಅದನ್ನು ಹಿಡೀಲಿಕ್ಕೆ ಲ್ಯಾನ್ಸಿಯ ರಿಕ್ಷಾದಿಂದಲೂ ಆಗುವುದಿಲ್ಲ. ನಿಮಗಾಗಿಯೇ ಕಂಡುಹಿಡಿದದ್ದು ಅದು," ಎಂದ. ಒಳಗೆ ಹೋದೆ. 2004ರಲ್ಲಿ ಮೂಡುಬಿದಿರೆಗೆ ವರ್ಗವಾಯಿತು. ಪೆನ್ಸಿಲಿನ ನೀಲಿ ತುದಿ ಮುಗಿದದ್ದು ಅಲ್ಲಿಗೆ ಬರುವ ಹೊತ್ತಿಗೆ.

ಕರೀಂ 2000ದಲ್ಲಿ ಸೌದಿಯ ದಮ್ಮಾಮಿಗೆ ಹೋಗಿ, ಎಂಟು ವರ್ಷ ಡ್ರೈವರ್ ಆಗಿದ್ದು ವಾಪಸ್ ಬಂದ. ಕಳೆದ ಡಿಸೆಂಬರಿನಲ್ಲಿ ಮೂಡುಬಿದಿರೆಯ ನಮ್ಮ ಮನೆಗೆ ಬಂದಿದ್ದ. ಗುರುವಾಯನಕೆರೆಯಲ್ಲಿ ಮೊಬೈಲ್ ಅಂಗಡಿ ಇಡುವ ಯೋಚನೆ. ಅರ್ಧ ಗಂಟೆ ಕೂತು ನಾಲ್ಕು ಸಲ ಒಂದೇ ಪ್ರಶ್ನೆ ಕೇಳಿದ. "ಟಿಕೆಟ್ ಹರಿದವನಿಗೆ, ಸ್ಟೇರಿಂಗ್ ತಿರುಗಿಸಿದವನಿಗೆ ಅಂಗಡಿಯಲ್ಲಿ ಕೂರ್ಲಿಕ್ಕೆ ಆಗ್ತದಾ ಚೆಕ್ಕರೇ? ನಲವತ್ತೆರಡು ಆಯ್ತು ನನಗೆ."

ನಾನು ಕನ್ನಡಕ ತೆಗೆದು ಒರೆಸಿ, ಒಂದು ದೀರ್ಘವಾದ ಹಿತವಚನಕ್ಕೆ ಸಿದ್ಧನಾದೆ. "ನೋಡು ಕರೀಂ, ಒಂದು ಕಟ್ಟು ಪಾಸಾದ ಮೇಲೆ..."

"ಅದು ಬೇಡ," ಎಂದ ಅವನು. "ಅದನ್ನು ಉಮ್ಮ ದಿನಾ ಹೇಳ್ತಾರೆ."

ಶೀನಣ್ಣನ ಬೀಡಿ ಬ್ರಾಂಚು 2006ರಲ್ಲಿ ಮುಚ್ಚಿತು. 2009ರ ಜನವರಿ ಎರಡನೇ ವಾರ ಅದೇ ಕೋಣೆಯಲ್ಲಿ ಕರೀಮನ ಮೊಬೈಲ್ ಅಂಗಡಿ ತೆರೆಯಿತು. ಫ್ಯಾನು ಹೊಸದು. ನಾನು ಕೂರುತ್ತಿದ್ದ ಕೈಗಳಿರುವ ಕುರ್ಚಿ ಕೋಣೆಯ ಜೊತೆಗೇ ಬಂತು, ಅದಕ್ಕೆ ಹೊಸ ಪ್ಲಾಸ್ಟಿಕ್ ವಯರು ಹೆಣೆಸಿದ್ದಾನೆ. ಮಧ್ಯಾಹ್ನ ಅವನು ನಮಾಜಿಗೆ, ಊಟಕ್ಕೆ ಹೋಗುವ ಹೊತ್ತಿನಲ್ಲಿ ಅದರಲ್ಲಿ ಐಸಮ್ಮ ಕೂರುತ್ತಾರೆ.